ಘಾಟ್ಕೋಪರ್‌ನ ಎರಡು ಬಸ್ ಸ್ಫೋಟಗಳು

2014ರಲ್ಲಿ ಮೆಟ್ರೋ ಓಡಲು ತೊಡಗುವ ತನಕ ಮುಂಬೈನ ಘಾಟ್ಕೋಪರ್‌ನಿಂದ ಅಂಧೇರಿಗೆ ಹೋಗುವ ಸಾಮಾನ್ಯ ಜನರಿಗೆ ನಗರ ಸಾರಿಗೆಯ ಬೆಸ್ಟ್ ಬಸ್ಸೇ ಆಧಾರ. ಸೆಂಟ್ರಲ್ ಲೈನಿನ ಲೋಕಲ್ ಇಳಿದವರು ಸ್ಟೇಷನ್ನಿನ ಹೊರಗೆ ಕ್ಯೂ ನಿಂತು ಬಸ್ ಹಿಡಿಯುತ್ತಿದ್ದರು. ಎಂಟು ತಿಂಗಳೊಳಗೆ ಎರಡು ಸಲ ಬಾಂಬ್ ಸಿಡಿದದ್ದು ಈ ದುಡಿಯುವ ಜನರ ಬಸ್ಸುಗಳಲ್ಲಿ.

ಮೊದಲನೆಯದು 2002ರ ಡಿಸೆಂಬರ್ 2ರಂದು, ಸ್ಟೇಷನ್ನಿನ ಹೊರಗೆ. ಇಬ್ಬರು ಸತ್ತರು, ಸುಮಾರು 50 ಮಂದಿ ಗಾಯಗೊಂಡರು. ಬಾಬರಿ ಮಸೀದಿ ಕೆಡವಿದ ಘಟನೆಗೆ ಹತ್ತು ವರ್ಷ ತುಂಬಲು ಆಗ ನಾಲ್ಕೇ ದಿನ ಬಾಕಿ. ಅದೇ ವರ್ಷದ ಗುಜರಾತ್ ಹತ್ಯಾಕಾಂಡದ ನೆನಪು ಹಸಿಯಾಗಿತ್ತು, ಅಲ್ಲಿನ ವಿಧಾನಸಭೆ ಚುನಾವಣೆಗೆ ಹತ್ತು ದಿನ ಉಳಿದಿತ್ತು. ತನಿಖೆಗೆ ಬೇಕಾದ ತಾಳ್ಮೆ ಇಂಥ ಗಳಿಗೆಯಲ್ಲಿ ಯಾರಲ್ಲೂ ಉಳಿಯುವುದು ಕಷ್ಟ.

ಪ್ರಕರಣಕ್ಕೆ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆ ಅನ್ವಯವಾಯಿತು. ಆ ವರ್ಷದ ಮಾರ್ಚಿನಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಅಂಗೀಕಾರವಾದ ಕಾಯ್ದೆ ಅದು. ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಅದು ಸಾಕ್ಷ್ಯವೆಂದು ಒಪ್ಪುತ್ತಿತ್ತು. ದಿಲ್ಲಿಯಲ್ಲಿ ಅದನ್ನು ವಿರೋಧಿಸಿದ್ದ ಕಾಂಗ್ರೆಸ್ಸೇ ಮಹಾರಾಷ್ಟ್ರದಲ್ಲಿ ಎನ್‌ಸಿಪಿ ಜೊತೆ ಸರ್ಕಾರ ನಡೆಸುತ್ತಿತ್ತು. ಕಾಯ್ದೆಯನ್ನು ಬಳಸಿದ್ದೂ ಅದೇ ಸರ್ಕಾರದ ಪೊಲೀಸರು.

ಬಂಧಿತರಲ್ಲಿ ಪರಭಣಿಯ ಸಾಫ್ಟ್‌ವೇರ್ ಎಂಜಿನಿಯರ್ ಖ್ವಾಜಾ ಯೂನುಸ್ ಒಬ್ಬ. ವಯಸ್ಸು 27. ಔರಂಗಾಬಾದಿಗೆ ಕರೆದೊಯ್ಯುವಾಗ ಜೀಪು ಉರುಳಿತು, ಆತ ತಪ್ಪಿಸಿಕೊಂಡ ಎಂದು 2003ರ ಜನವರಿಯಲ್ಲಿ ಪೊಲೀಸರು ಹೇಳಿದರು. ಆತನಿಗೆ ಲಾಕಪ್ಪಿನಲ್ಲಿ ಹೊಡೆದದ್ದನ್ನು ಕಂಡೆ ಎಂದು ಸಹ ಆರೋಪಿಯೊಬ್ಬ ನ್ಯಾಯಾಲಯಕ್ಕೆ ತಿಳಿಸಿದ. ಬಾಂಬೆ ಹೈಕೋರ್ಟ್ ಆದೇಶದಂತೆ ತನಿಖೆ ನಡೆಸಿದ ಸಿಐಡಿ, ಇದು ಕಸ್ಟಡಿ ಸಾವು ಎಂಬ ನಿಲುವಿಗೆ ಬಂತು. ಸಚಿನ್ ವಾಝೆ ಸೇರಿ ನಾಲ್ವರು ಪೊಲೀಸರ ಮೇಲೆ ಆರೋಪ ಹೊರಿಸಲಾಯಿತು. ಬಸ್ ಸ್ಫೋಟದ ಮೊಕದ್ದಮೆಯಲ್ಲಿ ಪೋಟಾ ವಿಶೇಷ ನ್ಯಾಯಾಲಯ 2005ರಲ್ಲಿ ಎಂಟೂ ಆರೋಪಿಗಳನ್ನು ಖುಲಾಸೆ ಮಾಡಿತು. ಬಿಗಿ ಕಾಯ್ದೆಯಿಂದ ಬಸ್ಸಿನಲ್ಲಿ ಸತ್ತವರ ಮನೆಯವರಿಗೂ ನ್ಯಾಯ ಸಿಗಲಿಲ್ಲ.

ಎರಡನೆಯ ಸ್ಫೋಟ 2003ರ ಜುಲೈ 28ರ ರಾತ್ರಿ, ಎಲ್‌ಬಿಎಸ್ ಮಾರ್ಗದಲ್ಲಿ. ಈ ಬಾರಿ ರಾಜಕೀಯ ನೇರವಾಗಿ ಬೀದಿಗಿಳಿಯಿತು. ಶಿವಸೇನೆ ಮತ್ತು ಬಿಜೆಪಿ ಜುಲೈ 30ರಂದು ಮುಂಬೈ ಬಂದ್‌ಗೆ ಕರೆ ಕೊಟ್ಟವು. ಬಾಂಬಿಗೆ ಹೆದರದೆ ಮರುದಿನವೇ ಕೆಲಸಕ್ಕೆ ಹೊರಟ ನಗರದ ಬಾಗಿಲನ್ನು ಪಕ್ಷಗಳೇ ಮುಚ್ಚಿಸಿದಂತಾಯಿತು. ದಿನಗೂಲಿಯವನಿಗೆ ಇದು ಮೇಲೊಂದು ಪೆಟ್ಟು. ನಿವೃತ್ತ ಸಂಪುಟ ಕಾರ್ಯದರ್ಶಿ ಬಿ.ಜಿ. ದೇಶಮುಖ್, ಜಾಹೀರಾತು ಕ್ಷೇತ್ರದ ಅಲೀಕ್ ಪದಮ್ಸಿ ಮತ್ತಿತರರು ಬಂದ್ ವಿರುದ್ಧ ಹೈಕೋರ್ಟಿಗೆ ಹೋದರು. 2004ರ ಜುಲೈನಲ್ಲಿ ನ್ಯಾಯಾಲಯ ಎರಡೂ ಪಕ್ಷಗಳಿಗೆ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿತು. ದೇಶದ ಬಂದ್ ಚರಿತ್ರೆಯಲ್ಲಿ ಈ ತೀರ್ಪಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಎರಡನೆಯ ಸ್ಫೋಟದ ಅಪರಾಧಿಗಳ ಸುಳಿವು ಸಿಕ್ಕಿದ್ದು ಆ ಸ್ಫೋಟದ ಮುಂದಿನ ತಿಂಗಳು. 2003ರ ಆಗಸ್ಟ್ 25ರಂದು ಗೇಟ್‌ವೇ ಆಫ್ ಇಂಡಿಯಾ ಮತ್ತು ಝವೇರಿ ಬಜಾರಿನಲ್ಲಿ ಟ್ಯಾಕ್ಸಿಗಳಲ್ಲಿಟ್ಟ ಬಾಂಬುಗಳು ಸಿಡಿದು 50ಕ್ಕೂ ಹೆಚ್ಚು ಜನ ಸತ್ತರು. ಗೇಟ್‌ವೇ ಬಳಿ ಟ್ಯಾಕ್ಸಿಯಿಂದ ದೂರ ಹೋಗಿದ್ದ ಚಾಲಕ ಬದುಕುಳಿದ. ತನ್ನ ಗಾಡಿ ಹತ್ತಿದ ಕುಟುಂಬದ ಚಹರೆ ಅವನಿಗೆ ನೆನಪಿತ್ತು. ಆ ಸುಳಿವಿನಿಂದ ಬಂಧಿತರಾದವರ ಮೇಲೆ ಜುಲೈನ ಘಾಟ್ಕೋಪರ್ ಬಸ್ ಸ್ಫೋಟದ ಆರೋಪವೂ ಬಂತು. ಈ ಮೊಕದ್ದಮೆಯೂ ಪೋಟಾ ಅಡಿಯಲ್ಲೇ ನಡೆದರೂ ದಾರಿ ತೋರಿಸಿದ್ದು ಟ್ಯಾಕ್ಸಿ ಓಡಿಸುವವನ ಕಣ್ಣು. 2009ರಲ್ಲಿ ಮೂವರಿಗೆ ಮರಣದಂಡನೆಯಾಯಿತು, 2012ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪೋಟಾ 2004ರಲ್ಲೇ ರದ್ದಾಗಿತ್ತು. ಅದರ ಹಲವು ಅಂಶಗಳು ಆ ವರ್ಷ ಮತ್ತು 2008ರ ಮುಂಬೈ ದಾಳಿಯ (26/11) ಬಳಿಕ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ತಿದ್ದುಪಡಿಗಳಾಗಿ ಮರಳಿದವು. ಯೂನುಸ್ ತಾಯಿಗೆ 20 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೈಕೋರ್ಟ್ 2012ರಲ್ಲಿ ಆದೇಶಿಸಿತು. ಅಮಾನತಿನಲ್ಲಿದ್ದ ನಾಲ್ವರು ಪೊಲೀಸರನ್ನು 2020ರಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಾಯಿತು. ಆಗಲೂ ಅವರ ಮೇಲಿನ ವಿಚಾರಣೆ ಮುಗಿದಿರಲಿಲ್ಲ.