ಕ್ಲೋರಿನ್ ಉಸಿರಾಡುವ ಜೀವಿಗಳು, ನಮ್ಮ ಕೊಳವೆಬಾವಿಗಳು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಉದ್ಯಮಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ರಾಜ್ಯ ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತ ರೈತರಿಗೆ ಅದು ದೊಡ್ಡ ಗೆಲುವು. ಆ ಹೋರಾಟದಲ್ಲಿ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಮಣ್ಣಿನ ಬಗ್ಗೆ ಬೇಕಾದಷ್ಟು ಮಾತಾಯಿತು. ಮಣ್ಣಿನ ಕೆಳಗಿರುವ ನೀರಿನ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಮಾತಾಡಬೇಕಾದ ಹೊತ್ತು ಇದು. ಹೋಬಳಿಯ ಜಮೀನು ಉಳಿಯಿತಾದರೂ ಆಸುಪಾಸಿನ ಚಿತ್ರ ಬದಲಾಗಿಲ್ಲ. ವಿಮಾನ ನಿಲ್ದಾಣದ ಬಳಿ ಏರೋಸ್ಪೇಸ್ ಪಾರ್ಕ್ ಇದೆ, ದೊಡ್ಡಬಳ್ಳಾಪುರದ ಪಕ್ಕ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶವಿದೆ. ಊರಿನ ಚರಂಡಿ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಕೆರೆ ಸೇರುತ್ತಿವೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ಬೀದಿಗಿಳಿದದ್ದೂ ಇದೇ ಸೀಮೆಯಲ್ಲಿ. ಕೆರೆಯ ನೊರೆ ಕಣ್ಣಿಗೆ ಬೀಳುತ್ತದೆ. ನಾನಿಲ್ಲಿ ಹೇಳಹೊರಟಿರುವ ವಿಷ ಕಣ್ಣಿಗೆ ಬೀಳದು.

ಲೋಹದ ಬಿಡಿಭಾಗಗಳಿಗೆ ಅಂಟಿದ ಎಣ್ಣೆ, ಗ್ರೀಸು ತೆಗೆಯಲು ಪ್ರಪಂಚದ ಕಾರ್ಖಾನೆಗಳು ದಶಕಗಳ ಕಾಲ ಬಳಸಿದ ದ್ರಾವಕ ಟ್ರೈಕ್ಲೋರೋಎಥಿಲೀನ್, ಚುಟುಕಾಗಿ ಟಿಸಿಇ. ಬಟ್ಟೆಯ ಡ್ರೈಕ್ಲೀನಿಂಗ್‌ಗೆ ಬಳಕೆಯಾದದ್ದು ಅದರ ಹತ್ತಿರದ ಬಂಧು ಪರ್‌ಕ್ಲೋರೋಎಥಿಲೀನ್, ಅಂದರೆ ಪಿಸಿಇ. ವಿಮಾನದ ಬಿಡಿಭಾಗಕ್ಕಾಗಲಿ ಎಲೆಕ್ಟ್ರಾನಿಕ್ ಚಿಪ್‌ಗಾಗಲಿ ಒಂದಿಷ್ಟೂ ಜಿಡ್ಡು ಇರಬಾರದು. ಆ ಕೆಲಸಕ್ಕೆ ಇವುಗಳಷ್ಟು ಅನುಕೂಲದ ದ್ರವ ಬೇರೆ ಇರಲಿಲ್ಲ. ಬೆಂಕಿ ಹತ್ತುವುದು ಕಷ್ಟ, ಬೇಗ ಆರುತ್ತದೆ, ಅಗ್ಗ. ಆದರೆ ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ತೂಕ. ನೆಲಕ್ಕೆ ಚೆಲ್ಲಿದರೆ ಡೀಸೆಲ್‌ನಂತೆ ನೀರಿನ ಮೇಲೆ ತೇಲದೆ, ಅಂತರ್ಜಲವನ್ನು ಸೀಳಿಕೊಂಡು ಇನ್ನೂ ಆಳಕ್ಕೆ ಇಳಿದು ಕೂರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಚೂರುಚೂರೇ ಕರಗುತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಅಮೆರಿಕದ ನಿಯಮ. ಆ ಲೆಕ್ಕ ಹಿಡಿದರೆ ಒಂದೇ ಒಂದು ಲೀಟರ್ ಟಿಸಿಇ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನಿಸಿತು.

ಬೆಂಗಳೂರನ್ನು ನಾವು ಹೆಮ್ಮೆಯಿಂದ ಹೋಲಿಸುವ ಸಿಲಿಕಾನ್ ವ್ಯಾಲಿ ಈ ಪಾಠವನ್ನು ಮೊದಲು ಕಲಿತ ಊರು. 1981ರ ಕೊನೆಗೆ ದಕ್ಷಿಣ ಸ್ಯಾನ್ ಹೊಸೆಯಲ್ಲಿ ಫೇರ್‌ಚೈಲ್ಡ್ ಕಂಪನಿಯ ನೆಲದಡಿಯ ಟ್ಯಾಂಕು ಸೋರಿ, ಇದೇ ಬಳಗದ ಟ್ರೈಕ್ಲೋರೋಈಥೇನ್ ಕುಡಿಯುವ ನೀರಿನ ಬಾವಿಯನ್ನು ಸೇರಿದ್ದು ಗೊತ್ತಾಯಿತು. ಹೊಗೆಯುಗುಳುವ ಚಿಮಣಿಗಳಿಲ್ಲದ ಉದ್ಯಮ ಎಂದು ನಂಬಿದ್ದವರು ಬೆಚ್ಚಿಬಿದ್ದರು. ಹುಡುಕುತ್ತಾ ಹೋದಂತೆ ಆ ಸಾಂತಾ ಕ್ಲಾರಾ ಜಿಲ್ಲೆಯೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಜಾಗಗಳು ಅಮೆರಿಕದ ಅತಿ ಕಲುಷಿತ ತಾಣಗಳ ಪಟ್ಟಿ ಸೇರಿದವು. ಆಗ ಗೊತ್ತಿದ್ದ ಉಪಾಯ ಒಂದೇ: ನೀರನ್ನು ಪಂಪಿನಿಂದ ಎತ್ತಿ, ಶುದ್ಧಿ ಮಾಡಿ, ಬಿಡುವುದು. ದಶಕಗಟ್ಟಲೆ ಎತ್ತಿದರೂ ಮುಗಿಯದ ಕೆಲಸ ಅದು. ನೆಲದೊಳಗೇ ವಿಷವನ್ನು ಒಡೆಯುವ ದಾರಿ ಇದೆಯೇ ಎಂಬ ಪ್ರಶ್ನೆಗೆ ಹಣವೂ ಅವಸರವೂ ಕೂಡಿಬಂದದ್ದು ಹೀಗೆ.

ಕ್ಲೋರಿನ್ ಸೇರಿದ ವಿಷವನ್ನು ಬ್ಯಾಕ್ಟೀರಿಯಾ ತಿನ್ನಬಲ್ಲವು ಎಂಬ ವಿಚಾರಕ್ಕೆ ಆ ಹೊತ್ತಿಗಾಗಲೇ ಒಂದು ಪೀಠಿಕೆ ಇತ್ತು, ಅದನ್ನು ಬರೆದವರಲ್ಲಿ ಒಬ್ಬರು ಬಂಗಾಳದವರು. ವಿಯೆಟ್ನಾಂ ಯುದ್ಧದಲ್ಲಿ ಸುರಿದ ಏಜೆಂಟ್ ಆರೆಂಜ್‌ನ ಒಂದು ಅಂಶವಾದ 2,4,5-ಟಿ ಎಂಬ ಕಳೆನಾಶಕವನ್ನೇ ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾವನ್ನು ಆನಂದ ಚಕ್ರವರ್ತಿಯವರ ತಂಡ 1981ರಲ್ಲಿ ಪ್ರಯೋಗಾಲಯದಲ್ಲಿ ರೂಢಿಸಿ ತೋರಿಸಿತು. ಅದು ಗಾಳಿಯಲ್ಲಿ ಬದುಕುವ ಜೀವಿ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಲವೆಡೆ ಇಲ್ಲವೇ ಇಲ್ಲ. ಹಾಗಾಗಿ ಸಂಶೋಧನೆ ಎರಡು ಕವಲಾಯಿತು.

ಆ ಎರಡು ಕವಲೂ 1985ರಲ್ಲೇ ಸ್ಪಷ್ಟವಾಗಿ ಕಾಣಿಸಿಕೊಂಡವು. ಒಕ್ಲಹೋಮಾದಲ್ಲಿ ಜಾನ್ ವಿಲ್ಸನ್, ಬಾರ್ಬರಾ ವಿಲ್ಸನ್ ಮಣ್ಣಿಗೆ ಗಾಳಿಯ ಜೊತೆ ನೈಸರ್ಗಿಕ ಅನಿಲ ಹಾಯಿಸಿದಾಗ ಟಿಸಿಇ ಒಡೆಯಿತು. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾದ ಕಿಣ್ವ ತಪ್ಪಿ ಟಿಸಿಇಯನ್ನೂ ಹಿಡಿದುಬಿಡುತ್ತದೆ. ಇದರಿಂದ ಆ ಜೀವಿಗೆ ಲಾಭವೇನೂ ಇಲ್ಲ. ಒಡೆಯುವಾಗ ಹುಟ್ಟುವ ವಸ್ತು ಅದಕ್ಕೇ ವಿಷ. ಆದರೂ ಕ್ಯಾಲಿಫೋರ್ನಿಯಾದ ಮೊಫೆಟ್ ವಿಮಾನ ನೆಲೆಯಲ್ಲಿ ಈ ವಿಧಾನವನ್ನು ನೆಲದೊಳಗೆ ಪರೀಕ್ಷಿಸಿದರು. ಮುಂದೆ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಮೀಥೇನ್ ಬದಲು ಟೊಲ್ಯೂಯಿನ್ ಹಾಕಿ ನೋಡಿದರು. ಒಂದು ವಿಷ ತೆಗೆಯಲು ಇನ್ನೊಂದು ವಿಷವನ್ನು ನೆಲಕ್ಕಿಳಿಸುವ ಆ ಹಾದಿ ಹೆಚ್ಚು ಹಬ್ಬಲಿಲ್ಲ, ಹಬ್ಬದಿದ್ದದ್ದೇ ಒಳ್ಳೆಯದಾಯಿತು.

ಗಾಳಿಯಿಲ್ಲದ ಕವಲು ಹೆಚ್ಚು ಫಲ ಕೊಟ್ಟಿತು, ಮೊದಲು ಹೆದರಿಸಿದ್ದೂ ಅದೇ. ಸ್ಟ್ಯಾನ್‌ಫರ್ಡ್‌ನ ಟಿಮೊಥಿ ವೋಗೆಲ್ ಮತ್ತು ಪೆರಿ ಮೆಕಾರ್ಟಿ 1985ರಲ್ಲಿ ತೋರಿಸಿದ ಪ್ರಕಾರ, ಆಮ್ಲಜನಕವಿಲ್ಲದ ಕಡೆ ಸೂಕ್ಷ್ಮಜೀವಿಗಳು ಪಿಸಿಇಯ ನಾಲ್ಕು ಕ್ಲೋರಿನ್‌ಗಳನ್ನು ಒಂದೊಂದಾಗಿ ಕಿತ್ತು ಅಲ್ಲಿ ಹೈಡ್ರೋಜನ್ ಕೂರಿಸುತ್ತವೆ. ಪಿಸಿಇ ಟಿಸಿಇ ಆಗುತ್ತದೆ, ಟಿಸಿಇ ಡೈಕ್ಲೋರೋ ರೂಪಕ್ಕೆ ಇಳಿಯುತ್ತದೆ, ಅದು ವಿನೈಲ್ ಕ್ಲೋರೈಡ್ ಆಗುತ್ತದೆ. ಎಷ್ಟೋ ಕಡೆ ಕೆಲಸ ಅಲ್ಲಿಗೇ ನಿಂತುಬಿಡುತ್ತಿತ್ತು. ವಿನೈಲ್ ಕ್ಲೋರೈಡ್ ಖಚಿತವಾಗಿ ಕ್ಯಾನ್ಸರ್‌ಕಾರಕ. ಅಮೆರಿಕದಲ್ಲಿ ಅದರ ಮಿತಿ ಲೀಟರಿಗೆ ಬರೀ 2 ಮೈಕ್ರೋಗ್ರಾಂ. ಅಂದರೆ ಅರ್ಧಕ್ಕೆ ನಿಂತ ಶುದ್ಧೀಕರಣ ಮೊದಲಿಗಿಂತ ಕೆಟ್ಟ ನೀರನ್ನು ಉಳಿಸುತ್ತಿತ್ತು. ಈ ಕ್ಷೇತ್ರದ ಮುಂದಿನ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ನಾನು ಓದುವುದು ಹೀಗೆ: ಕೆಲಸ ಶುರು ಮಾಡುವವರು ಬಹಳ ಮಂದಿ ಸಿಕ್ಕರು, ಮುಗಿಸುವವರನ್ನು ಹುಡುಕುವುದೇ ಕಷ್ಟವಾಯಿತು.

ಮುಗಿಸುವವರು ಇದ್ದಾರೆಂಬ ಸುಳಿವು 1989ರಲ್ಲಿ ಬಂತು. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಫ್ರೀಡ್ಮನ್ ಮತ್ತು ಜೇಮ್ಸ್ ಗಾಸೆಟ್ ಅವರ ಶೀಷೆಗಳಲ್ಲಿ ವಿನೈಲ್ ಕ್ಲೋರೈಡ್‌ನ ಕೊನೆಯ ಕ್ಲೋರಿನ್ನೂ ಕಳಚಿ ಎಥಿಲೀನ್ ಉಳಿಯಿತು. ಮಾಗುವ ಬಾಳೆಹಣ್ಣು ತಾನೇ ಹೊರಬಿಡುವ, ನಿರಪಾಯದ ಅನಿಲ ಅದು. ಯಾವ ಜೀವಿ ಇದನ್ನು ಮಾಡಿತೆಂದು ಬೇರ್ಪಡಿಸಲು ಮತ್ತೆ ಎಂಟು ವರ್ಷ ಬೇಕಾಯಿತು. 1997ರಲ್ಲಿ ಅದೇ ಕಾರ್ನೆಲ್‌ನ ಸೇವಿಯರ್ ಮೇಮೊ-ಗಾಟೆಲ್, ಸ್ಟೀಫನ್ ಜಿಂಡರ್ ಮತ್ತು ಸಂಗಡಿಗರು ಇಥಾಕಾ ಊರಿನ ಚರಂಡಿ ನೀರು ಶುದ್ಧೀಕರಣ ಘಟಕದಿಂದ ಬಂದ ಬ್ಯಾಕ್ಟೀರಿಯಾವೊಂದನ್ನು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಇಂದು ಅದರ ಹೆಸರು ಡಿಹ್ಯಾಲೊಕಾಕಾಯ್ಡಿಸ್ ಮೆಕಾರ್ಟಿಯೈ. ಮೆಕಾರ್ಟಿಯವರ ಗೌರವಕ್ಕೆ 2013ರಲ್ಲಿ ಇಟ್ಟದ್ದು.

ಈ ಜೀವಿಯ ಬದುಕು ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸುತ್ತದೆ. ಅಗಲ ಅರ್ಧ ಮೈಕ್ರೋಮೀಟರ್, ಆಕಾರ ಬಿಲ್ಲೆಯದು. ಇತರ ಬ್ಯಾಕ್ಟೀರಿಯಾಗಳಿಗಿರುವ ಗಟ್ಟಿ ಕೋಶಭಿತ್ತಿ ಇಲ್ಲ. ನಾವು ಆಮ್ಲಜನಕ ಉಸಿರಾಡುವಂತೆ ಅದು ಕ್ಲೋರಿನ್ ಸೇರಿದ ಅಣುಗಳನ್ನು ಉಸಿರಾಡುತ್ತದೆ: ಹೈಡ್ರೋಜನ್‌ನಿಂದ ಪಡೆದ ಎಲೆಕ್ಟ್ರಾನನ್ನು ಟಿಸಿಇಗೆ ದಾಟಿಸಿ, ಆ ಶಕ್ತಿಯಿಂದ ಬದುಕುತ್ತದೆ. ಬೇರೆ ಯಾವ ಉಸಿರೂ ಅದಕ್ಕೆ ಒಗ್ಗದು. 2005ರಲ್ಲಿ ಅದರ ಜೀನೋಮ್ ಓದಿದಾಗ, ಸುಮಾರು 14.7 ಲಕ್ಷ ಅಕ್ಷರಗಳ ಪುಟ್ಟ ಗ್ರಂಥದಲ್ಲಿ ಕ್ಲೋರಿನ್ ಕಳಚುವ ಕಿಣ್ವಗಳಿಗೆ ಹೋಲುವ ಹದಿನೇಳಕ್ಕೂ ಕಡಿಮೆಯಿಲ್ಲದ ಜೀನ್‌ಗಳು ಸಿಕ್ಕವು. ಕಿಣ್ವದ ಒಡಲಲ್ಲಿ ಬಿ12 ವಿಟಮಿನ್ ಬಳಗದ, ಕೋಬಾಲ್ಟ್ ಇರುವ ಅಣು ಕೂತು ಕೆಲಸ ಮಾಡುತ್ತದೆ; ಇಂಥ ಕಿಣ್ವಗಳ ರಚನೆ 2014–15ರಲ್ಲಿ ಬಯಲಾಯಿತು. ವಿಚಿತ್ರವೆಂದರೆ ಆ ಬಿ12ನ್ನು ಈ ಜೀವಿ ತಾನೇ ಮಾಡಿಕೊಳ್ಳಲಾರದು. ಹೈಡ್ರೋಜನ್, ಅಸಿಟೇಟ್, ಬಿ12 ಎಲ್ಲವೂ ನೆರೆಹೊರೆಯ ಸೂಕ್ಷ್ಮಜೀವಿಗಳಿಂದ ಬರಬೇಕು.

ವಿನೈಲ್ ಕ್ಲೋರೈಡ್‌ನ ಮೇಲೆಯೇ ಬೆಳೆಯುವ ತಳಿ 2003ರಲ್ಲಿ ಮಿಷಿಗನ್ ರಾಜ್ಯದ ಒಂದು ಕಲುಷಿತ ತಾಣದಿಂದ ಸಿಕ್ಕಿತು. ಅಷ್ಟರಲ್ಲಿ ಕೆನಡಾದ ಟೊರೊಂಟೊದಲ್ಲಿ ಎಲಿಜಬೆತ್ ಎಡ್ವರ್ಡ್ಸ್ ಅವರ ಪ್ರಯೋಗಾಲಯ ಬೆಳೆಸಿದ ಕೆಬಿ-1 ಎಂಬ ಮಿಶ್ರ ಸಂವರ್ಧನೆಯನ್ನು ಟೆಕ್ಸಾಸ್‌ನ ಕೆಲ್ಲಿ ವಾಯುನೆಲೆಯ ನೆಲಕ್ಕೆ ಬಿಟ್ಟು ನೋಡಿದ್ದರು. ಬರೀ ಆಹಾರ ಕೊಟ್ಟ ಜಾಗಗಳಲ್ಲಿ ಕೆಲಸ ಡೈಕ್ಲೋರೋ ಹಂತಕ್ಕೆ ನಿಂತಿತು; ಸಂವರ್ಧನೆ ಬಿಟ್ಟ ಜಾಗದಲ್ಲಿ ಇನ್ನೂರು ದಿನಗಳೊಳಗೆ ಎಥಿಲೀನ್‌ವರೆಗೆ ಹೋಯಿತು. 2002ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ, ಬ್ಯಾಕ್ಟೀರಿಯಾವನ್ನು ಪೀಪಾಯಿಯಲ್ಲಿ ತಂದು ಬಾವಿಗೆ ಇಳಿಸುವುದು ಒಂದು ವೃತ್ತಿಯೇ ಆಯಿತು.

ಕನ್ನಡ ನೆಲದಲ್ಲಿ ಇದೇ ಕಥೆ ಕೀಟನಾಶಕಗಳ ರೂಪದಲ್ಲಿ ನಡೆದಿದೆ. ಹಳ್ಳಿಗಳಲ್ಲಿ ಬಿಎಚ್‌ಸಿ ಪುಡಿ ಎನ್ನುತ್ತಿದ್ದದ್ದು ಆರು ಕ್ಲೋರಿನ್‌ಗಳ ಎಚ್‌ಸಿಎಚ್. ಕೃಷಿಗೆ ಅದರ ಬಳಕೆ 1997ರಲ್ಲಿ ನಿಂತಿತು. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಎಚ್.ಕೆ. ಮನೋನ್ಮಣಿ, ಎ.ಎ.ಎಂ. ಕುಂಞಿ ಮೊದಲಾದವರು ಎಚ್‌ಸಿಎಚ್‌ನ ನಾಲ್ಕು ಮುಖ್ಯ ರೂಪಗಳನ್ನೂ ಒಡೆಯುವ ಬ್ಯಾಕ್ಟೀರಿಯಾಗಳ ಕೂಟವನ್ನು ಬೆಳೆಸಿದರು. ಡಿಡಿಟಿಯನ್ನು ಒಡೆಯುವ ಸೆರಾಷಿಯಾ ತಳಿಯ ಬಗ್ಗೆ ಅದೇ ಸಂಸ್ಥೆಯಿಂದ 2002ರಲ್ಲಿ ವರದಿ ಬಂತು. ದೆಹಲಿಯಲ್ಲಿ ರೂಪ್ ಲಾಲ್ ಅವರ ತಂಡ ಸ್ಫಿಂಗೋಬಿಯಂ ಇಂಡಿಕಂ ಎಂಬ ಬ್ಯಾಕ್ಟೀರಿಯಾದ ಜೀನ್‌ಗಳನ್ನು ವರ್ಷಗಟ್ಟಲೆ ಅಭ್ಯಸಿಸಿತು. ಇವೆಲ್ಲ ಗಾಳಿಯಾಡುವ ಮಣ್ಣಿಗೆ ಹೊಂದುವ ಜೀವಿಗಳು. ಮಣ್ಣಿನ ಮೇಲೆ ನಮ್ಮವರ ಕೆಲಸ ಗಟ್ಟಿಯಾಗಿದೆ. ಆಳದ ನೀರಿನ ಮೇಲೆ ಅಷ್ಟು ಆಗಿಲ್ಲ.

ಕಾಸರಗೋಡಿನ ಎಂಡೋಸಲ್ಫಾನ್ ಅರ್ಧಕ್ಕೆ ನಿಂತ ಕೆಲಸ ಏನು ಮಾಡುತ್ತದೆಂಬುದಕ್ಕೆ ನಮ್ಮದೇ ಸಾಕ್ಷಿ. ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಈ ವಿಷ ಅಲ್ಲಿನ ಪಡ್ರೆ ಊರಿನ ನೀರು, ಮಣ್ಣು, ಜನರ ರಕ್ತದಲ್ಲಿ ಸಿಕ್ಕಿದ್ದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ವರದಿ ಮಾಡಿತು. ಸುರಂಗ ಕೊರೆದು ಬೆಟ್ಟದ ಒಳನೀರು ಕುಡಿಯುವ ಊರು ಅದು. ಪತ್ರಕರ್ತ ಶ್ರೀ ಪಡ್ರೆ, ವೈದ್ಯ ವೈ.ಎಸ್. ಮೋಹನ ಕುಮಾರ್ ಅವರ ಪಟ್ಟು ಇಲ್ಲದಿದ್ದರೆ ಹೊರಗಿನವರಿಗೆ ಇದು ತಿಳಿಯುತ್ತಿರಲಿಲ್ಲ. ಎಂಡೋಸಲ್ಫಾನ್ ಮಣ್ಣಿನಲ್ಲಿ ಎರಡು ದಾರಿ ಹಿಡಿಯುತ್ತದೆ. ನೀರಿನೊಂದಿಗೆ ವರ್ತಿಸಿ ಡಯಾಲ್ ಆದರೆ ವಿಷ ಬಹಳ ತಗ್ಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸಿದರೆ ಸಲ್ಫೇಟ್ ರೂಪ ಹುಟ್ಟುತ್ತದೆ. ಅದರ ವಿಷ ಮೂಲದಷ್ಟೇ, ಬಾಳಿಕೆ ಮೂಲಕ್ಕಿಂತ ಹೆಚ್ಚು. 'ಬ್ಯಾಕ್ಟೀರಿಯಾ ತಿಂದುಹಾಕುತ್ತವೆ ಬಿಡಿ' ಎನ್ನುವವರು ಯಾವ ದಾರಿಯಲ್ಲಿ, ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ಭೋಪಾಲದ ಕಾರ್ಖಾನೆಯ ಸುತ್ತಲಿನ ಅಂತರ್ಜಲದಲ್ಲಿ ದುರಂತ ನಡೆದು ದಶಕಗಳಾದ ಮೇಲೂ ಕ್ಲೋರೋಬೆಂಜೀನ್, ಎಚ್‌ಸಿಎಚ್ ಸಿಗುತ್ತಲೇ ಇದ್ದವು.

ಈಗ ಚನ್ನರಾಯಪಟ್ಟಣದ ಕಡೆಯ ನೆಲಕ್ಕೆ ಬರೋಣ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ತೆರೆದ ಬಾವಿಗಳು ಬತ್ತಿ ನೀರೀಗ ಗ್ರಾನೈಟ್, ನೈಸ್ ಬಂಡೆಯ ಬಿರುಕುಗಳಲ್ಲಿದೆ. ಕೊಳವೆಬಾವಿ ಸಾವಿರ ಅಡಿ ದಾಟುವುದು ಹೊಸದಲ್ಲ. ಇಂಥ ಕಡೆ ಬ್ಯಾಕ್ಟೀರಿಯಾದಿಂದ ಶುದ್ಧಿ ಮಾಡುವುದು ಮರಳು ನೆಲದಷ್ಟು ಸುಲಭವಲ್ಲ. ಅಮೆರಿಕದ ನ್ಯೂಜೆರ್ಸಿಯ ವೆಸ್ಟ್ ಟ್ರೆಂಟನ್‌ನಲ್ಲಿ ನೌಕಾಪಡೆಯ ಜೆಟ್ ಎಂಜಿನ್ ಪರೀಕ್ಷಾ ಕೇಂದ್ರವೊಂದಿತ್ತು. ಅಲ್ಲಿ ಸೋರಿದ ಟಿಸಿಇ ಬಿರುಕು ಬಂಡೆಗೆ ಇಳಿದಿತ್ತು. 2008ರಲ್ಲಿ ಸೋಯಾ ಎಣ್ಣೆಯ ಜೊತೆ ಕೆಬಿ-1 ಸಂವರ್ಧನೆಯನ್ನು ಬಿರುಕುಗಳಿಗೆ ಹಾಯಿಸಿದರು. ಬಿರುಕಿನ ನೀರಿನಲ್ಲಿ ವಿಷ ಇಳಿಯಿತು. ಬಂಡೆಯ ಮೈಯೊಳಗೆ ಇಂಗಿದ್ದರ ಬಹುಪಾಲು ಅಲ್ಲೇ ಉಳಿದು, ನಿಧಾನವಾಗಿ ಹೊರಬರುತ್ತಲೇ ಇತ್ತು. ನಮ್ಮ ಗ್ರಾನೈಟ್ ಆ ಬಂಡೆಯಷ್ಟು ಹೀರಿಕೊಳ್ಳದು, ಆದರೆ ಬಿರುಕುಗಳ ಜಾಡು ಹಿಡಿಯುವುದು ಇಲ್ಲೂ ಅಷ್ಟೇ ಕಷ್ಟ.

ನಮಗೆ ಅನುಕೂಲದ ಸಂಗತಿ ಒಂದಿದೆ: ಇಲ್ಲಿನ ಅಂತರ್ಜಲ ಬೆಚ್ಚಗಿನದು, ಈ ಜೀವಿಗಳು ಚುರುಕಾಗಿರುವ ಉಷ್ಣತೆಗೆ ಹತ್ತಿರ. ಅನಾನುಕೂಲ ನೈಟ್ರೇಟ್. ಗೊಬ್ಬರ, ಶೌಚಗುಂಡಿಗಳಿಂದ ಈ ಭಾಗದ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ. ನೈಟ್ರೇಟ್ ಇರುವವರೆಗೆ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಬಳಸಿ ಹೈಡ್ರೋಜನನ್ನು ಮೊದಲೇ ಮುಗಿಸಿಬಿಡುತ್ತವೆ. ಕ್ಲೋರಿನ್ ಉಸಿರಾಡುವವಕ್ಕೆ ಏನೂ ಉಳಿಯದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಟಿಸಿಇಯನ್ನು ಹಂತಹಂತವಾಗಿ ಪೂರ್ತಿ ನಿಷೇಧಿಸುವ ನಿಯಮ ಹೊರಡಿಸಿತು. ನಮ್ಮ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ 2012ರ ಆವೃತ್ತಿಯಲ್ಲಿ ಎಂಡೋಸಲ್ಫಾನ್, ಡಿಡಿಟಿ, ಲಿಂಡೇನ್‌ಗಳಿಗೆ ಮಿತಿಯಿದೆ. ಟಿಸಿಇ, ಪಿಸಿಇ, ವಿನೈಲ್ ಕ್ಲೋರೈಡ್‌ಗಳ ಹೆಸರೇ ಇಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಪ್ರಯೋಗಾಲಯ ಹುಡುಕುವುದಿಲ್ಲ. ಫ್ಲೋರೈಡ್, ನೈಟ್ರೇಟ್ ನೋಡಿ 'ಕುಡಿಯಲು ಯೋಗ್ಯ' ಎಂದು ಬರೆದ ವರದಿ ಈ ದ್ರಾವಕಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಕೈಗಾರಿಕಾ ಪ್ರದೇಶಗಳ ಅಂಚಿನಲ್ಲಿರುವ ಪಂಚಾಯಿತಿಗಳಿಗೆ ನನ್ನ ಕೋರಿಕೆ ಇಷ್ಟು. ಹೊಸ ಕಾರ್ಖಾನೆ ಏಳುವ ಮೊದಲೇ, ಇರುವ ಕೊಳವೆಬಾವಿಗಳ ನೀರಿನಲ್ಲಿ ಕ್ಲೋರಿನ್ ಸೇರಿದ ದ್ರಾವಕಗಳನ್ನು ಅಳೆದು ದಾಖಲಿಸಿಡಿ. ನಾಳೆ ಏನಾದರೂ ಕಂಡರೆ ಅದು ಯಾವಾಗ ಬಂತೆಂದು ಹೇಳಲು ಬೇರೆ ಆಧಾರ ಇರುವುದಿಲ್ಲ. ಮಾದರಿ ತೆಗೆಯಲು ಪ್ಲಾಸ್ಟಿಕ್ ಬಾಟಲಿ ಬೇಡ. ದ್ರಾವಕ ಆವಿಯಾಗಿ ಹೋಗುವುದರಿಂದ, ಗಾಜಿನ ಶೀಷೆಗೆ ಗಾಳಿಗುಳ್ಳೆ ಉಳಿಯದಂತೆ ಬಾಯಿಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ತಣ್ಣಗಿಟ್ಟು, ಗ್ಯಾಸ್ ಕ್ರೊಮಾಟೊಗ್ರಫಿ ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಪರೀಕ್ಷೆಯ ಖರ್ಚನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಭರಿಸಲಿ ಎಂಬ ಬೇಡಿಕೆಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.