ತವರಿಗೆ ಎಷ್ಟು ಕಿಲೋಮೀಟರು

ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ 'ವ್ಯತ್ಯಾಸ ಬರೆಯಿರಿ' ಎಂದು ಪ್ರಶ್ನೆ ಕೊಡುತ್ತ ಬಂದವಳು ನಾನು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಅಂಶ ಬರೆದರೆ ನಾಲ್ಕು ಅಂಕ. ಕಳೆದ ಬೇಸಗೆ ರಜೆಯಲ್ಲಿ ಆ ಪ್ರಶ್ನೆ ನನ್ನ ಪಾಲಿಗೇ ಬಂತು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ಎಡಕ್ಕೆ ಟಾಟಾದವರ ಟಿಯಾಗೊ ಇವಿ ಎಂದೂ ಬಲಕ್ಕೆ ಎಂಜಿಯವರ ಕಾಮೆಟ್ ಎಂದೂ ಬರೆದೆ. ಎರಡೂ ಕರೆಂಟಿನಲ್ಲಿ ಓಡುವ ಸಣ್ಣ ಕಾರುಗಳು. ಎರಡರಲ್ಲಿ ಒಂದನ್ನು ನನ್ನದೇ ಉಳಿತಾಯದ ಹಣದಲ್ಲಿ ಕೊಳ್ಳುವುದೆಂದು ತೀರ್ಮಾನಿಸಿದ್ದೆ.

ಈ ವಯಸ್ಸಿನಲ್ಲಿ ಕಾರು ಏಕೆ ಬೇಕಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆ ಶಿವಮೊಗ್ಗದಲ್ಲಿ. ತವರು ತೀರ್ಥಹಳ್ಳಿ ದಾಟಿ ಒಳಗಿನ ಒಂದು ಹಳ್ಳಿ. ಮನೆಯಿಂದ ಮನೆಗೆ ಎಂಬತ್ತು ಕಿಲೋಮೀಟರು. ಎಂಬತ್ತು ದಾಟಿದ ಅಮ್ಮ ಅಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಎರಡು ವರ್ಷದ ಹಿಂದೆ ಆಷಾಢದ ಒಂದು ಸಂಜೆ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಫೋನು ಬಂತು. ನಮ್ಮವರು ಊರಲ್ಲಿರಲಿಲ್ಲ. ಕೊನೆಯ ಬಸ್ಸು ಹೋಗಿಯಾಗಿತ್ತು. ಆ ಮಳೆಯಲ್ಲಿ ಬಾಡಿಗೆ ಕಾರಿನವರು ಯಾರೂ ಒಪ್ಪಲಿಲ್ಲ. ರಾತ್ರಿಯಿಡೀ ಫೋನು ಹಿಡಿದು ಕೂತಿದ್ದು, ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದೇವರು ದೊಡ್ಡವನು, ಅಮ್ಮನ ಸೊಂಟ ಮುರಿದಿರಲಿಲ್ಲ. ಆದರೆ ನನ್ನ ಕೈ ಹಿಡಿದುಕೊಂಡು, "ರಾತ್ರೆಯೆಲ್ಲ ಬಾಗಿಲ ಕಡೇನೇ ನೋಡ್ತಿದ್ದೆ ಕಣೇ" ಅಂದಳು. ಆ ತಿಂಗಳೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಕಾರಿನ ವಿಷಯ ತೆಗೆದಾಗ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಮ್ಮಾ, ನಿಂಗೆ ಸ್ಕೂಲಿಗೆ, ತರಕಾರಿಗೆ, ಶುಕ್ರವಾರ ದೇವಸ್ಥಾನಕ್ಕೆ ಹೋಗೋಕೆ ತಾನೇ? ಚಿಕ್ಕದೇ ಸಾಕಲ್ವಾ?" ಅಂದ. ಪ್ರೀತಿಯಿಂದಲೇ ಅಂದ. ಆದರೂ ಆ 'ಸಾಕು' ನನ್ನ ಕಿವಿಯಲ್ಲಿ ಉಳಿಯಿತು. ಇತಿಹಾಸ ಪಾಠ ಮಾಡುವವಳಾದ್ದರಿಂದ, ಆ ಮಾತಿಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂಬುದು ನನಗೆ ಗೊತ್ತಿತ್ತು.

ಕರೆಂಟಿನ ಕಾರು ಹೊಸದೆಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಬ್ಯಾಟರಿಯವು. ಆಗಿನ ಪೆಟ್ರೋಲ್ ಕಾರಿಗೆ ಮುಂದೆ ನಿಂತು ಕಬ್ಬಿಣದ ಹಿಡಿಕೆ ಹಾಕಿ ತಿರುಗಿಸಿದರೆ ಮಾತ್ರ ಜೀವ ಬರುತ್ತಿತ್ತು. ಹಿಡಿಕೆ ಹಿಮ್ಮುಖ ತಿರುಗಿದರೆ ಕೈಮೂಳೆಯೇ ಮುರಿಯುತ್ತಿತ್ತು. ಬ್ಯಾಟರಿ ಕಾರಿಗೆ ಆ ಪಾಡಿಲ್ಲ. ಹೊಗೆಯಿಲ್ಲ, ಗದ್ದಲವಿಲ್ಲ, ಗೇರಿನ ಕಷ್ಟವಿಲ್ಲ. ಹಾಗಾಗಿ ವ್ಯಾಪಾರಿಗಳು ಇದನ್ನು ಹೆಂಗಸರ ಕಾರು ಮಾಡಿದರು. ಅಂಗಡಿಗೆ ಹೋಗಿ ಬನ್ನಿ, ಗೆಳತಿಯರನ್ನು ನೋಡಿ ಬನ್ನಿ ಎಂದು ಜಾಹೀರಾತು ಕೊಟ್ಟರು. ಒಂದು ತಮಾಷೆ ಕೇಳಿ. ಪೆಟ್ರೋಲಿನ ಮಾಡೆಲ್ ಟಿ ಕಾರನ್ನು 1908ರಲ್ಲಿ ತಂದು ಲೋಕವನ್ನೇ ಗೆದ್ದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು! ಚಕ್ರದ ಬದಲು ದೋಣಿಯ ಚುಕ್ಕಾಣಿಯಂಥ ಕೋಲು ಹಿಡಿದು ಓಡಿಸುವ, 1914ರ ಆ ಗಾಡಿ ಈಗ ಅಲ್ಲಿಯ ವಸ್ತು ಸಂಗ್ರಹಾಲಯದಲ್ಲಿದೆ.

ಆ ಕಾರು ಒಂದು ಚಾರ್ಜಿಗೆ ಸುಮಾರು 130 ಕಿಲೋಮೀಟರು ಓಡುತ್ತದೆಂದು ಕಂಪನಿಯೇ ಹೇಳುತ್ತಿತ್ತು. ಅಂದರೆ ನನ್ನ ತವರಿಗೆ ಹೋಗಿ ಅರ್ಧ ದಾರಿ ವಾಪಸು ಬರುವಷ್ಟು. ಅದು ಸಣ್ಣ ಶಕ್ತಿಯೇನಲ್ಲ. ಆದರೂ ಊರೊಳಗೆ ಸುತ್ತುವ ಗಾಡಿ ಎಂಬ ಹಣೆಪಟ್ಟಿ ಅದಕ್ಕೆ ಅಂಟಿತು. ಗಂಡಸಿಗೆ ದೂರ ಹೋಗುವ ಕಾರು, ಹೆಂಗಸಿಗೆ ಹತ್ತಿರ ಹೋಗುವ ಕಾರು ಎಂಬ ಪಾಲು ಆಗಲೇ ಆಗಿಹೋಯಿತು.

ಮುಂದೆ ಅದು ಸೋತದ್ದಕ್ಕೆ ಕಾರಣ ಹಲವು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂದು ಹಿಡಿಕೆಯ ಕಾಟ ತಪ್ಪಿತು. ಅದೇ ಹೊತ್ತಿಗೆ ಬ್ಯಾಟರಿ ಕಾರಿಗೆ 1,750 ಡಾಲರ್ ಆದರೆ ಪೆಟ್ರೋಲಿನದಕ್ಕೆ 650. ಪೆಟ್ರೋಲು ಅಗ್ಗವಾಯಿತು, ಊರೂರಿಗೆ ರಸ್ತೆ ಕೂಡಿತು. ಪೆಟ್ರೋಲನ್ನು ಡಬ್ಬದಲ್ಲಿ ಹಳ್ಳಿಗೂ ಒಯ್ಯಬಹುದಿತ್ತು. ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ. ಈ ಕೊನೆಯ ಕಾರಣ ಓದುವಾಗ ನನಗೆ ತವರಿನ ಜಗಲಿ ನೆನಪಾಯಿತು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಅಲ್ಲಿ ಎರಡು ದಿನ ಚಿಮಣಿ ದೀಪವೇ ಗತಿ.

ನಮ್ಮ ನಾಡಿನಲ್ಲೂ ಇದಕ್ಕೊಂದು ಅಧ್ಯಾಯವಿದೆ. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಕಂಪನಿ 2001ರಲ್ಲಿ ರೇವಾ ಕಾರನ್ನು ಮಾರುಕಟ್ಟೆಗೆ ತಂದಿತು. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಎರಡು ಮಕ್ಕಳು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರು. ಜಯನಗರದ ಚಿಕ್ಕಮ್ಮನ ಬೀದಿಯಲ್ಲಿ ಒಂದನ್ನು ನೋಡಿ, ಆಟಿಕೆಯ ಹಾಗಿದೆ ಎಂದು ನಾನೂ ನಕ್ಕಿದ್ದೆ. ಅದೇ ಆಟಿಕೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. 2010ರಲ್ಲಿ ಆ ಕಂಪನಿ ಮಹೀಂದ್ರಾದವರ ಕೈಗೆ ಬಂತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಕೆಲವು ವರ್ಷ ಓಡಿ ಅದರ ತಯಾರಿಕೆಯೂ ನಿಂತಿತು. ಇಂದು ನಾವು ನೋಡುವ ಸಣ್ಣ ಕಾರುಗಳಿಗೆ ದಾರಿ ಸವೆಸಿದ್ದು ನಾವು ನಕ್ಕ ಆ ಪುಟ್ಟ ಗಾಡಿ.

ಈಗ ನನ್ನ ಹಾಳೆಗೆ ಬರೋಣ. ಕಾಮೆಟ್ ಬಂದದ್ದು 2023ರಲ್ಲಿ. ಉದ್ದ ಮೂರು ಮೀಟರಿಗೂ ಕಡಿಮೆ. ಬ್ಯಾಟರಿ 17.3 ಯೂನಿಟ್ಟಿನದು, ಪರೀಕ್ಷೆಯಲ್ಲಿ ಸಿಕ್ಕ ದೂರ 230 ಕಿಲೋಮೀಟರು. ಟಿಯಾಗೊ ಇವಿ 2022ರದು. ಉದ್ದ ಮೂರೂಮುಕ್ಕಾಲು ಮೀಟರು. ದೊಡ್ಡ ಬ್ಯಾಟರಿ 24 ಯೂನಿಟ್ಟಿನದು, ಬಂದಾಗ ಹೇಳಿದ ದೂರ 315. ಕಾಮೆಟ್ಟಿಗೆ ಎರಡು ಬಾಗಿಲು, ನಾಲ್ಕು ಸೀಟು. ಸಾಮಾನಿಗೆ ಬೇರೆ ಡಿಕ್ಕಿಯಿಲ್ಲ, ಹಿಂದಿನ ಸೀಟು ಮಡಚಬೇಕು. ಟಿಯಾಗೊಗೆ ಪಕ್ಕದ ಬಾಗಿಲು ನಾಲ್ಕು, ಸೀಟು ಐದು, ಡಿಕ್ಕಿಯೂ ಇದೆ. ಮನೆಯ ಪ್ಲಗ್ಗಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುವುದಲ್ಲದೆ, ದಾರಿಯ ವೇಗದ ಚಾರ್ಜರಿನಲ್ಲಿ ಶೇಕಡಾ 10ರಿಂದ 80ಕ್ಕೆ ಸುಮಾರು ಒಂದು ಗಂಟೆಯಲ್ಲಿ ಏರುವ ಅನುಕೂಲ ಅದಕ್ಕಿದೆ. ಆ ವೇಗದ ಚಾರ್ಜಿಂಗ್ ಕಾಮೆಟ್ಟಿಗಿಲ್ಲ.

ಎರಡನ್ನೂ ಓಡಿಸಿ ನೋಡಿದೆ. ಸತ್ಯ ಹೇಳಬೇಕೆಂದರೆ ಮನಸ್ಸಿಗೆ ಹಿಡಿಸಿದ್ದು ಕಾಮೆಟ್. ನಮ್ಮ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಒಂದೇ ಸುತ್ತಿಗೆ ತಿರುಗಿತು. ತರಕಾರಿ ಮಾರುಕಟ್ಟೆಯ ಹತ್ತಿರ, ಸ್ಕೂಟರು ನಿಲ್ಲಿಸುವವರೂ ಯೋಚಿಸುವ ಜಾಗದಲ್ಲಿ ನಿಂತಿತು. ಊರೊಳಗಿನ ಓಡಾಟಕ್ಕೆ ಅದಕ್ಕಿಂತ ಚಂದದ ಗಾಡಿ ನನಗೆ ಕಾಣಲಿಲ್ಲ. ನಿಮ್ಮ ದಾರಿ ಅಷ್ಟೇ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ ಎನ್ನುತ್ತೇನೆ.

ಆದರೆ ನನ್ನ ದಾರಿ ಅಷ್ಟೇ ಅಲ್ಲವಲ್ಲ? ಪರೀಕ್ಷೆಯಲ್ಲಿ ಬರುವ ದೂರ ರಸ್ತೆಯಲ್ಲಿ ಬರುವುದಿಲ್ಲ. ಏರು, ಮಳೆ, ಏಸಿ, ನಾಲ್ಕು ಜನರ ಭಾರ ಎಲ್ಲವೂ ಅದನ್ನು ತಿನ್ನುತ್ತವೆ. ಹಿಟ್ಟು ಜರಡಿ ಹಿಡಿದ ಹಾಗೆ ನಾಲ್ಕರಲ್ಲಿ ಒಂದು ಪಾಲು ಕಳೆದೆ. ಕಾಮೆಟ್ಟಿಗೆ 170 ಚಿಲ್ಲರೆ, ಟಿಯಾಗೊಗೆ 235ರ ಹತ್ತಿರ ಉಳಿಯಿತು. ತವರಿಗೆ ಹೋಗಿ ಬರಲು ಬೇಕಾದದ್ದು 160. ಲೆಕ್ಕದಲ್ಲಿ ಎರಡೂ ಪಾಸು. ಆದರೆ ಹೋದ ದಿನ ಅಲ್ಲಿ ಕರೆಂಟಿಲ್ಲದಿದ್ದರೆ? ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಇಳಿದು ಮಣಿಪಾಲಕ್ಕೆ ಓಡಬೇಕಾದರೆ? ಒಬ್ಬರು ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೂರಬೇಕಾದರೆ?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾನೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ನಮ್ಮ ಹಾಸಿಗೆಯನ್ನು ಅಳೆದವರು ಯಾರು ಎಂದು ಕೇಳಿರಲಿಲ್ಲ.

ಬರ್ತಾ ಬೆಂಜ್ ಕೇಳಲಿಲ್ಲ, ಹೊರಟೇಬಿಟ್ಟಳು. ಗಂಡ ಕಾರ್ಲ್ ಬೆಂಜ್ ಪೆಟ್ರೋಲ್ ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದಿದ್ದ. ಕೊಳ್ಳುವವರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 106 ಕಿಲೋಮೀಟರು ಅವಳು ಆ ಗಾಡಿಯಲ್ಲಿ ಹೋದಳು. ಆಗ ಪೆಟ್ರೋಲ್ ಬಂಕೆಂಬುದೇ ಇಲ್ಲ. ದಾರಿಯ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರವ ಕೊಂಡು ಗಾಡಿಗೆ ಸುರಿದಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಾರಿನಲ್ಲಿ ಅಷ್ಟು ದೂರ ಹೋದ ಮೊದಲಿಗಳು ಅವಳೇ. ಹೋದದ್ದು ಎಲ್ಲಿಗೆ ಗೊತ್ತೇ? ತವರಿಗೆ, ತಾಯಿಯನ್ನು ನೋಡಲು.

ನಾನು ಟಿಯಾಗೊ ಕೊಂಡೆ. ಮಗನಿಗೆ ಹಾಳೆಯ ಫೋಟೋ ಕಳಿಸಿದೆ. "ಅಜ್ಜಿ ಮನೆ ಲೆಕ್ಕಕ್ಕೇ ಹಿಡೀಲಿಲ್ಲ ಅಮ್ಮಾ ನಾನು" ಎಂದು ಸುಮ್ಮನಾದ.

ಮೊದಲ ಭಾನುವಾರವೇ ಹೊರಟೆ. ನೂರು ಇದ್ದ ಚಾರ್ಜು ತವರು ಮುಟ್ಟಿದಾಗ ಅರವತ್ತನಾಲ್ಕು. ಅಮ್ಮ ಕೋಲೂರಿಕೊಂಡು ಜಗಲಿಗೆ ಬಂದು ಗಾಡಿಯೊಳಗೆ ಬಗ್ಗಿ ನೋಡಿ, "ಯಾರು ಕರ್ಕೊಂಡು ಬಂದ್ರೇ?" ಅಂದಳು.

"ಯಾರೂ ಇಲ್ಲಮ್ಮ, ನಾನೇ ಬಂದೆ."

ಅಂದು ಸಂಜೆಯವರೆಗೂ ಊರಲ್ಲಿ ಕರೆಂಟಿರಲಿಲ್ಲ. ನನಗದು ಬೇಕಾಗಲೂ ಇಲ್ಲ.