ಶ್ರಾವಕನ ಕೊಟ್ಟಿಗೆ: ಹಸು, ಕರು ಮತ್ತು ಅಣುವ್ರತ

ಪ್ರಾಚೀನ ಕರ್ನಾಟಕದ ಗೋಸಂಪತ್ತನ್ನು ಕುರಿತ ಚರ್ಚೆ ಸಾಮಾನ್ಯವಾಗಿ ತುರುಗೊಳ್ ವೀರಗಲ್ಲುಗಳಿಂದ ಆರಂಭವಾಗುತ್ತದೆ. ಊರ ತುರುಗಳನ್ನು ಮರಳಿಸಲು ಹೋಗಿ ಮಡಿದವರ ಕಲ್ಲುಗಳು ನಾಡಿನ ಉದ್ದಗಲಕ್ಕೂ ನಿಂತಿವೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ (941) ವಿರಾಟನ ಗೋಗ್ರಹಣದ ಪ್ರಸಂಗವಿದೆ. ಆದರೆ ಇವೆಲ್ಲ ಹಿಂಡಿನ ಕಥೆಗಳು. ತುಂಡು ಭೂಮಿ, ಒಂದು ಕರಾವಿನ ಹಸು, ಅದರ ಕರು ಇಷ್ಟನ್ನೇ ನಂಬಿ ಬದುಕಿದ ಸಣ್ಣ ಒಕ್ಕಲಿನ ಕೊಟ್ಟಿಗೆಯ ಒಳಗು ಅಲ್ಲಿ ಕಾಣಿಸುವುದಿಲ್ಲ. ಅದನ್ನು ಕಾಣಲು ನೆರವಾಗುವ ಆಕರವೊಂದು ಅನಿರೀಕ್ಷಿತ ಕಡೆಯಲ್ಲಿದೆ: ಜೈನ ಗೃಹಸ್ಥಧರ್ಮವನ್ನು ನಿರೂಪಿಸುವ ಶ್ರಾವಕಾಚಾರ ಸಾಹಿತ್ಯ.

ಪರಿಗ್ರಹ ಪರಿಮಾಣ ವ್ರತದಲ್ಲಿ ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳಲ್ಲಿ ‘ಧನ’ವೂ ಒಂದು. ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಗೋವು ಮೊದಲಾದವು ಎಂದು ಅರ್ಥ ಹೇಳುತ್ತಾರೆ. ಶ್ವೇತಾಂಬರ ಆಗಮವಾದ ‘ಉಪಾಸಕದಶಾಂಗ’ದ ಆನಂದ ಶ್ರಾವಕನು ತಲಾ ಹತ್ತು ಸಾವಿರ ಗೋವುಗಳ ನಾಲ್ಕು ವ್ರಜಗಳಿಗೆ ತನ್ನ ಸಂಪತ್ತನ್ನು ಮಿತಗೊಳಿಸಿಕೊಂಡನು. ಅದೇ ಗ್ರಂಥದಲ್ಲಿ ಮಹಾಶತಕನ ಪತ್ನಿ ರೇವತಿಯು, ರಾಜಗೃಹದಲ್ಲಿ ಪ್ರಾಣಿವಧೆ ನಿಷಿದ್ಧವಾದಾಗ, ತವರಿನ ಗೋಕುಲದಿಂದ ದಿನಕ್ಕೆರಡು ಕರುಗಳನ್ನು ಗುಟ್ಟಾಗಿ ಕೊಲ್ಲಿಸಿ ತರಿಸಿಕೊಳ್ಳುತ್ತಾಳೆ. ಸಾವಿರಾರು ದನಗಳಿದ್ದಲ್ಲಿ ಎರಡು ಕರುಗಳು ಕಡಿಮೆಯಾದರೆ ಯಾರ ಗಮನಕ್ಕೂ ಬಾರದು. ಒಂದೇ ಹಸುವಿರುವ ಮನೆಯಲ್ಲಿ ಕರುವಿನ ಗೂಟ ಬರಿದಾದರೆ ಅದು ಮನೆಮಂದಿಗೆಲ್ಲ ತಿಳಿಯುತ್ತದೆ.

ಆದರೆ ಸಣ್ಣ ಕೊಟ್ಟಿಗೆಯ ನೈತಿಕ ಇಕ್ಕಟ್ಟು ಕೊಲೆಯದಲ್ಲ, ನಿತ್ಯದ ಹಾಲಿನದು. ಅಹಿಂಸಾಣುವ್ರತಕ್ಕೆ ‘ತತ್ತ್ವಾರ್ಥಸೂತ್ರ’ವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಈ ಪಟ್ಟಿಯನ್ನು ಪೂಜ್ಯಪಾದರ ವ್ಯಾಖ್ಯಾನದೊಡನೆ ಓದಿದರೆ ಅದು ಕೊಟ್ಟಿಗೆಯನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದಂತೆ ತೋರುತ್ತದೆ. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದು ಬಂಧ. ವಧವೆಂದರೆ ಇಲ್ಲಿ ಪ್ರಾಣಹರಣವಲ್ಲ, ಕೋಲು ಚಾವಟಿಗಳ ಪೆಟ್ಟು. ಗೋವು ಮೊದಲಾದವುಗಳಿಗೆ ಹಸಿವು ನೀರಡಿಕೆಗಳ ಬಾಧೆಯನ್ನುಂಟುಮಾಡುವುದು ಅನ್ನಪಾನನಿರೋಧ.

ಹಾಲು ಕರೆಯುವ ಕ್ರಮವನ್ನು ಬಲ್ಲವರಿಗೆ ಇಲ್ಲಿನ ತೊಡಕು ಸ್ಪಷ್ಟ. ನಾಟಿ ಹಸು ಸಾಮಾನ್ಯವಾಗಿ ಕರುವಿಲ್ಲದೆ ತೊರೆ ಬಿಡದು. ಕರುವನ್ನು ಬಿಟ್ಟು, ಅದು ಕೆಚ್ಚಲಿಗೆ ಗುದ್ದಿ ನಾಲ್ಕು ಗುಟುಕು ಹೀರಿ ಹಾಲಿಳಿದೊಡನೆ, ಎಳೆದು ಗೂಟಕ್ಕೋ ತಾಯಿಯ ಮುಂಗಾಲಿಗೋ ಕಟ್ಟಬೇಕು. ತಾಯಿಯೆಡೆಗೆ ಜಗ್ಗುವ ಕರುವಿನ ಕೊರಳಿನ ಕಣ್ಣಿಯೇ ಬಂಧ. ತಂಬಿಗೆ ತುಂಬುವಷ್ಟು ಹೊತ್ತು ಅದು ಹಸಿದು ನಿಂತಿರುವುದೇ ಅನ್ನಪಾನನಿರೋಧ. ಹಾಲು ಬೇಕೆನ್ನುವ ಅಹಿಂಸಾವ್ರತಿ ಈ ಎರಡನ್ನೂ ಹೇಗೆ ದಾಟಬೇಕು?

ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತಾನೆ. ಅವನು ಹೇಳುವ ದಾರಿ ಮೂರು ಮೆಟ್ಟಿಲಿನದು. ನೈಷ್ಠಿಕ ಶ್ರಾವಕನು ಪಶುಗಳಿಂದ ಜೀವನ ಸಾಗಿಸುವುದನ್ನೇ ಬಿಡುವುದು ಉತ್ತಮ. ಸ್ವಂತ ಉಪಯೋಗಕ್ಕೆ ಸಾಕುವುದಾದರೆ ಕಟ್ಟದೆ ಸಾಕಬೇಕು. ಕಟ್ಟಲೇಬೇಕಾದರೆ ನಿರ್ದಯವಾಗಿ ಕಟ್ಟಬಾರದು. ಶ್ವೇತಾಂಬರ ವ್ಯಾಖ್ಯಾನಕಾರರೂ ಬೆಂಕಿ ಬಿದ್ದಾಗ ಬಿಡಿಸಲು ಬರುವಂತಹ ಸಡಿಲಗಂಟನ್ನು ವಿಧಿಸಿದ್ದಾರೆ. ಶಾಸ್ತ್ರವು ಹಗ್ಗವನ್ನು ಪೂರ್ಣವಾಗಿ ನಿಷೇಧಿಸದೆ ಗಂಟಿನ ಬಿಗಿಯನ್ನು ಪರೀಕ್ಷಿಸಿದೆ. ಇದನ್ನು ರಾಜಿಯೆಂದು ತಳ್ಳಿಹಾಕುವುದು ಸುಲಭ. ನನಗೆ ಇದು ಒಕ್ಕಲುತನದ ವಾಸ್ತವವನ್ನು ಬಲ್ಲವರ ವಿವೇಕವೆಂದು ತೋರುತ್ತದೆ.

ಆಚರಣೆಯೂ ಇದೇ ಜಾಡಿನಲ್ಲಿದೆ. ಈದ ಹಸುವಿನ ಹಾಲು ಹತ್ತು ದಿನ ಮನೆಬಳಕೆಗೆ ಸಲ್ಲದೆಂಬುದು ದಿಗಂಬರ ಮನೆಗಳ ಸೂತಕನಿಯಮ. ನಿಯಮದ ಭಾಷೆ ಶುದ್ಧಿಯದು. ಫಲ ಮಾತ್ರ ಕರುವಿನದು. ಮೊದಲ ಗಿಣ್ಣುಹಾಲು ಅದರ ಪಾಲಿಗೇ ಉಳಿಯುತ್ತದೆ. ಅನಂತರವೂ ಒಂದು ಮೊಲೆಯನ್ನು ಕರುವಿಗೆಂದು ಕರೆಯದೆ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಮತಭೇದವಿಲ್ಲದೆ ಇತ್ತು. ಪಶುಪಾಲನೆಯ ಈ ಕಾಳಜಿ ಶಾಸ್ತ್ರವಾಗಿಯೂ ಬೆಳೆಯಿತು. ಕನ್ನಡದ ‘ಗೋವೈದ್ಯ’ವನ್ನು ರಚಿಸಿದ ಕೀರ್ತಿವರ್ಮನು ಆರನೆಯ ವಿಕ್ರಮಾದಿತ್ಯನ (1076–1126) ತಮ್ಮ, ಜೈನಕವಿ. ಅರಮನೆಯವನೊಬ್ಬ ದನದ ರೋಗಕ್ಕೆ ಮದ್ದು ಬರೆಯಲು ಕನ್ನಡವನ್ನು ಆರಿಸಿಕೊಂಡನೆಂಬುದು ಗಮನಾರ್ಹ.

ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಇಟ್ಟುದನ್ನು ಹೇಳುತ್ತವೆ. ಅದರ ಬಡ್ಡಿಯಿಂದ ದಿನವೂ ಇಂತಿಷ್ಟು ಮಾನ ಹಾಲು ಸಲ್ಲಬೇಕು. ಆ ಹಾಲು ಯಾರ ಕೊಟ್ಟಿಗೆಯಿಂದ ಬಂದಿತೆಂಬುದನ್ನು ಶಾಸನ ಹೇಳುವುದಿಲ್ಲ. ಹೇಳದೆ ಉಳಿದ ಈ ಸಂಗತಿಯನ್ನು ಗುಳ್ಳಕಾಯಜ್ಜಿಯ ಐತಿಹ್ಯ ತುಂಬಿಕೊಡುತ್ತದೆ. ಚಾವುಂಡರಾಯನ ಕೊಡಕೊಡ ಹಾಲು ಮೂರ್ತಿಯನ್ನು ಪೂರ್ತಿ ತೋಯಿಸಲಿಲ್ಲ. ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಅಡಿಯವರೆಗೂ ಇಳಿಯಿತು. ರಾಯನ ಗರ್ವಭಂಗದ ಕಥೆಯೆಂದೇ ನಾವಿದನ್ನು ಓದುತ್ತ ಬಂದಿದ್ದೇವೆ. ಕೊಟ್ಟಿಗೆಯ ಕಡೆಯಿಂದ ಓದಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಕೊಡಗಟ್ಟಲೆ ಹಾಲು ಒಮ್ಮೆಗೇ ಕೂಡಬೇಕಾದರೆ ಎಷ್ಟೋ ಕರುಗಳು ಗೂಟದಲ್ಲಿ ಹಸಿದು ನಿಲ್ಲಬೇಕು. ಗುಳ್ಳಕಾಯಿ ತುಂಬುವಷ್ಟು ಹಾಲಾದರೋ, ಕರು ಕುಡಿದು ತಣಿದ ಮೇಲೂ ಕೆಚ್ಚಲಿನಲ್ಲಿ ಉಳಿದೀತು.

ಇಂದಿನ ಹೈನುಗಾರಿಕೆಯಲ್ಲಿ ಕರುವನ್ನು ಹುಟ್ಟಿದೊಡನೆ ತಾಯಿಯಿಂದ ಬೇರ್ಪಡಿಸುವ ಪದ್ಧತಿಯಿದೆ. ಹೋರಿಗರುವಿಗೆ ಬೆಲೆಯೇ ಇಲ್ಲ. ಹಾಲು ಅಹಿಂಸೆಯ ಆಹಾರವೇ ಎಂದು ಜೈನ ತರುಣರು ಕೇಳುತ್ತಿದ್ದಾರೆ. ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಪೂಜ್ಯಪಾದರೂ ಆಶಾಧರನೂ ಅದನ್ನು ಕರುವಿನ ಪಕ್ಕದಲ್ಲಿ ನಿಂತೇ ಕೇಳಿಕೊಂಡಿದ್ದರು. ಉತ್ತರವನ್ನೂ ನಾವು ಅಲ್ಲಿಯೇ ನಿಂತು ಹುಡುಕಬೇಕಾಗಿದೆ.